ಸುಣ್ಣ ಬಳಿದ ಕೈಗುರುತು

ನನ್ನ ಗಂಡ ಚೆಲುವರಾಜ ನನ್ನನ್ನು ಬಿಟ್ಟದ್ದು ಸುಣ್ಣದ ಕುಂಚದಿಂದ. ಜಗಳವಿಲ್ಲ, ಪಂಚಾಯಿತಿ ಇಲ್ಲ, ಬಾಯಿ ತೆರೆದು ಒಂದು ಮಾತೂ ಇಲ್ಲ. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೊತ್ತು ನೋಡಿ ಬಂದು, ಮುಂಬಾಗಿಲ ಪಕ್ಕದ ಗೋಡೆಯಲ್ಲಿ ಮದುವೆಯ ದಿನ ನಾನು ಒತ್ತಿದ್ದ ಕೆಮ್ಮಣ್ಣಿನ ಕೈಗುರುತಿನ ಮೇಲೆ ಕುಂಚ ಎಳೆದು ಹೊರಟುಹೋದ. ಪಕ್ಕದಲ್ಲೇ ಇದ್ದ ತನ್ನ ಕೈಗುರುತಿಗೆ ಒಂದು ಹನಿಯೂ ಸಿಡಿಯದಂತೆ ನೋಡಿಕೊಂಡಿದ್ದ. ಗೋಡೆಗೆ ಒಂದು ಮೊಳೆ ನೆಟ್ಟಗೆ ಹೊಡೆಯಲಾರದ ಮನುಷ್ಯನಿಗೆ ಅಷ್ಟೊಂದು ನಾಜೂಕು ಎಲ್ಲಿಂದ ಬಂತೋ!

ಆ ಊರಿನ ಬಾಗಿಲುಗಳಿಗೆ ಬೀಗವಿಲ್ಲ, ಚಿಲಕವಿಲ್ಲ, ಅಗುಳಿಯೂ ಇಲ್ಲ. ಊರಲ್ಲಿ ಹುಟ್ಟಿದವರು ಅಂಗೈ ಇಟ್ಟರೆ ಸಾಕು, ತಾವಾಗಿಯೇ ತೆರೆದುಕೊಳ್ಳುತ್ತವೆ. ಅವರು ದಾಟಿದ ಮೇಲೆ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಹೊರಗಿನವರು ಆನೆ ಕಟ್ಟಿ ಎಳೆಸಿದರೂ ಜಗ್ಗುವುದಿಲ್ಲ. ಅಡ್ಡ ಕಲ್ಲಿಟ್ಟರೆ ಕಲ್ಲನ್ನೇ ತಳ್ಳಿ ಮುಚ್ಚಿಕೊಳ್ಳುತ್ತವೆ. ಹೊರಗಿನಿಂದ ಮದುವೆಯಾಗಿ ಬಂದವರು, ಕೈಹಿಡಿದವರ ಕೈಗುರುತಿನ ಪಕ್ಕ ತಮ್ಮದನ್ನು ಒತ್ತಿದ ಗಳಿಗೆಯಿಂದ ಊರಿನ ಅಷ್ಟೂ ಬಾಗಿಲು ಅವರಿಗೂ ಒಲಿಯುತ್ತವೆ. ಗುರುತಿನ ಮೇಲೆ ಸುಣ್ಣ ಬಿದ್ದರೆ ಮುನಿಯುತ್ತವೆ. ಸುಣ್ಣ ಬಳಿಯುವುದು ಊರವರಿಗೆ ಮಾತ್ರ ನಡೆಯುತ್ತದೆ. ನಾನು ಅವನ ಕೈಗುರುತಿನ ಮೇಲೆ ಒಂದು ಹಂಡೆ ಸುಣ್ಣ ಸುರಿದಿದ್ದರೂ ಅವನಿಗೆ ಒಂದು ಸೀನು ಕೂಡ ಬರುತ್ತಿರಲಿಲ್ಲ. ಇದೆಲ್ಲ ಯಾಕೆ ಹೀಗೆ ಅಂತ ಬಂದ ಹೊಸದರಲ್ಲಿ ಕೇಳಿದ್ದೆ. ಮಳೆ ಯಾಕೆ ಕೆಳಕ್ಕೆ ಬೀಳುತ್ತದೆ ಅಂತ ಕೇಳಿದವಳನ್ನು ನೋಡುವ ಹಾಗೆ ನೋಡಿದರು. ಕೇಳುವುದನ್ನು ಬಿಟ್ಟೆ.

ಹೊರಗಿನಿಂದ ಬಂದ ಹೆಂಗಸರು ಆ ಊರಲ್ಲಿ ಬೀದಿಬೀದಿಗೂ ಇದ್ದರು. ಸಾರಿಗೆ ಉಪ್ಪು ಹೆಚ್ಚಾದರೆ ಗಂಡ ಹೇಳುವ ಮಾತು ಒಂದೇ: "ಸುಣ್ಣ ನೆನೆಹಾಕ್ಲಾ?" ತಮಾಷೆಗೇ ಹೇಳುತ್ತಿದ್ದರು, ಬೇಡವೆನ್ನುವುದಿಲ್ಲ. ಒಳ್ಳೆಯ ಗಂಡಸರೂ ಹೇಳುತ್ತಿದ್ದರು. ಆದರೆ ಸುಣ್ಣ ಮಾರುವವನು ಕೂಗುತ್ತಾ ಬೀದಿಗೆ ಬಂದರೆ ನಲ್ಲಿಯ ಹತ್ತಿರ ಹರಟುತ್ತಿದ್ದ ನಾವೆಲ್ಲ ಒಮ್ಮೆಗೇ ಸುಮ್ಮನಾಗುತ್ತಿದ್ದೆವು. ಅವನು ಯಾರ ಮನೆ ಮುಂದೆ ಗಾಡಿ ನಿಲ್ಲಿಸುತ್ತಾನೆ ಅಂತ ಎಲ್ಲರ ಕಣ್ಣೂ ಅತ್ತಲೇ.

ನಾನು ಎರೆಹೊಲದ ಸೀಮೆಯವಳು, ಹೆಸರು ಪಾರವ್ವ. ಚೆಲುವರಾಜ ಮೆಣಸಿನಕಾಯಿ ವ್ಯಾಪಾರಕ್ಕೆಂದು ನಮ್ಮ ಕಡೆ ಬಂದವನು ನಮ್ಮ ಮನೆಯ ಕಟ್ಟೆಯಲ್ಲಿ ಒಂದು ರಾತ್ರಿ ಮಲಗಿದ. ನಾನು ಹೊಲಿದ ಕೌದಿ ಹೊದ್ದು ಮಲಗಿದವನು ಬೆಳಿಗ್ಗೆ ಎದ್ದು, ಕೌದಿಯನ್ನೂ ಹೊಲಿದವಳನ್ನೂ ಕೊಡಿ ಅಂತ ನಮ್ಮಪ್ಪನನ್ನು ಕೇಳಿದ. ಆಗ ಅವನ ಬಾಯಲ್ಲಿ ಮಾತು ಬೇಕಾದಷ್ಟಿತ್ತು. ಈಗ ಅವನು ಮೇಗಲ ಬೀದಿಯಲ್ಲಿ ಬೇರೊಬ್ಬಳ ಜೊತೆ ಇದ್ದಾನೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವನ ಮೇಲೆ ಇತ್ತು, ಅದೂ ಬರಬರುತ್ತಾ ಸವೆಯಿತು. ಇವತ್ತಿಗೂ ಆರದೆ ಉರಿಯುವುದು ಆ ಕುಂಚದ ಮೇಲಿನ ಸಿಟ್ಟು. ಬದುಕಿರುವ ಹೆಂಗಸನ್ನು ಗೋಡೆಯ ಕೊಳೆ ಅಳಿಸಿದ ಹಾಗೆ ಅಳಿಸಬಹುದು ಅನ್ನುವ ಏರ್ಪಾಡಿನ ಮೇಲೆ.

ಸುಣ್ಣ ಬಿದ್ದ ಮಾರನೆಯ ದಿನವೇ ಬಾಗಿಲ ಕಚೇರಿಯ ಸಾಹೇಬರು ವೀರಭದ್ರಯ್ಯನವರು ಬಂದು ನಮ್ಮ ಜಗಲಿಯ ಮೇಲೆ ಕೂತರು. ಕೆಟ್ಟವರಲ್ಲ. ಮಜ್ಜಿಗೆ ಕೊಟ್ಟರೆ ಲೋಟ ತೊಳೆದಿಟ್ಟು ಹೋಗುವ ಪೈಕಿ.

"ನೋಡಮ್ಮಾ, ನಿಯಮ ನಿನಗೂ ಗೊತ್ತು," ಅಂದರು. "ತನ್ನ ಕೈಯಿಂದ ತಾನೇ ಹೊಗಬಲ್ಲ ಒಂದು ಮನೆಯಾದ್ರೂ ಇದ್ದವರು ಊರಲ್ಲಿರಬಹುದು. ಅದೂ ಇಲ್ಲದವರನ್ನ ಊರ ಹೆಬ್ಬಾಗಿಲಿಂದ ಆಚೆ ಕಳಿಸಬೇಕು. ಸುಣ್ಣ ಒಣಗ್ತಾ ಬಂದ ಹಾಗೆ ದೂರದ ಬಾಗಿಲು ಮೊದಲು ಮುಚ್ತವೆ, ಹತ್ತಿರದ್ದು ಆಮೇಲೆ, ನಿನ್ನ ಮನೇದು ಕೊನೆಗೆ. ಅಮಾವಾಸ್ಯೆ ಕಳೆದ ಮೇಲೆ ಬಂದು ನೋಡ್ತೀನಿ."

"ನನ್ನ ಮಗಳು?" ಅಂದೆ.

"ಸುವ್ವಿ ಊರಲ್ಲಿ ಹುಟ್ಟಿದ ಮಗು. ಊರಲ್ಲೇ ಇರ್ತದೆ, ತಂದೆ ಹತ್ರ." ಲೋಟ ಕೆಳಗಿಟ್ಟು, ದನಿ ತಗ್ಗಿಸಿದರು. "ಒಂದು ಮಾತು ಹೇಳ್ತೀನಿ, ತಪ್ಪು ತಿಳೀಬೇಡ. ಈ ಊರಲ್ಲಿ ಹೆಂಡ್ತಿ ಕಳಕೊಂಡ ಗಂಡಸರಿಗೇನು ಬರವೇ? ಯಾರದಾದರೂ ಗೋಡೆ ಹಿಡ್ಕೊಂಡು ಕೈ ಒತ್ತಿಬಿಡು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಸಾಹೇಬ್ರ, ಹಾವು ನಾನೋ ಕೋಲು ನಾನೋ ಹೇಳಿ ಹೋಗ್ರಿ," ಅಂದೆ. ಅವರು ನಕ್ಕರು. ನಾನು ನಗಲಿಲ್ಲ. ತವರಿಗೆ ಹೋಗಬಾರದೇ ಅಂತಲೂ ಕೇಳಿದರು. ಅಪ್ಪ ಹೋದ ಮೇಲೆ ತವರು ಅಂದರೆ ಅಣ್ಣನ ಹೆಂಡತಿಯ ಮನೆ. ಅವರ ಲೆಕ್ಕದಲ್ಲಿ ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಈ ಊರಿನ ಲೆಕ್ಕದಲ್ಲಿ ಬಿಟ್ಟ ಹೆಣ್ಣು ಊರಿಗೇ ಹೊರಗು. ಎರಡರ ನಡುವೆ ಹೆಣ್ಣು ನಿಲ್ಲುವ ಜಾಗ ಯಾವುದು ಅಂತ ಯಾರೂ ಹೇಳಿಲ್ಲ. ಅದಿರಲಿ, ತವರಲ್ಲಿ ಅರಮನೆಯೇ ಇದ್ದರೂ ಅಲ್ಲಿ ನನ್ನ ಮಗಳಿರುವುದಿಲ್ಲವಲ್ಲ. ನಾನು ಹೋಗುವುದಿಲ್ಲ ಅಂತ ಅವತ್ತೇ, ಆ ಜಗಲಿಯ ಮೇಲೇ ಗಟ್ಟಿಮಾಡಿಕೊಂಡೆ. ಹೇಗೆ ಇರುತ್ತೇನೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಮೊದಲು ಮುಚ್ಚಿದ್ದು ಊರ ತುದಿಯ ಅಂಚೆ ಕಚೇರಿ. ಆಮೇಲೆ ಡಾಕ್ಟರ ಶಾಪು, ಆಮೇಲೆ ಸ್ಕೂಲು, ದಿನಸಿ ಅಂಗಡಿ. ಅಂಗೈ ಇಟ್ಟರೆ ಹಲಗೆ ಬೆಚ್ಚಗೆ ಮಿಡಿದು ಸರಿಯುತ್ತಿದ್ದ ಬಾಗಿಲುಗಳು ಈಗ ತಣ್ಣಗೆ ಮರವಾಗಿ ನಿಂತಿರುತ್ತಿದ್ದವು. ಹಿಂದೆ ನಿಂತ ಜನ ನನ್ನನ್ನು ನೋಡದವರ ಹಾಗೆ ಚಪ್ಪಲಿಯ ಧೂಳು ಕೊಡವುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು, ಆಮೇಲೆ ನಾಚಿಕೆಪಟ್ಟದ್ದಕ್ಕೆ ಸಿಟ್ಟು ಬರುತ್ತಿತ್ತು. ತಪ್ಪು ಮಾಡಿದವನು ಎಲ್ಲ ಬಾಗಿಲನ್ನೂ ತೆರೆದುಕೊಂಡು ಓಡಾಡುತ್ತಿದ್ದಾನೆ, ನಾಚಿಕೆ ಮಾತ್ರ ನನ್ನ ಪಾಲಿಗೆ!

ಚೂರುಬಟ್ಟೆ ಕೇಳಲು ದರ್ಜಿ ಬಸವಲಿಂಗಯ್ಯನ ಅಂಗಡಿಗೆ ಹೋದಾಗ ಅವನು ಒಳಗಿನಿಂದ ಬಂದು ತಾನೇ ಬಾಗಿಲು ತೆರೆದ. ಕುರ್ಚಿ ಹಾಕಿದ. "ನೀನು ಇಲ್ಲೇ ಇದ್ಬುಡು ಪಾರವ್ವ. ಬೆಳಗಾದ್ರೆ ಬಾಗ್ಲು ತೆಗೀತೀನಿ, ಸಂಜೆ ಬಾಗ್ಲು ತೆಗೀತೀನಿ. ನಿನ್ ಪಾಡಿಗೆ ಹೊಲ್ಕೊಂಡಿರು. ಕಚೇರಿಯವರಿಗೆ ನಾನು ಹೇಳ್ಕೋತೀನಿ," ಅಂದ.

"ಕೂಲಿ?" ಅಂದೆ.

"ಬಾಗ್ಲು ತೆಗಿಯೋದೇ ಕೂಲಿ ಅಲ್ವಾ?" ಅಂದ, ನಿಜವಾಗಿಯೂ ಆಶ್ಚರ್ಯಪಟ್ಟು.

"ಬಸವಲಿಂಗಯ್ಯಾರ, ನಮ್ಮ ಕಡೆ ಎತ್ತಿಗೂ ಕೊಟ್ಟಿಗಿ ಬಾಗಲಾ ತಗದು ಬಿಡತಾರ, ಮ್ಯಾಲ ಹೊಟ್ಟು ಮೇವು ಹಾಕತಾರ," ಅಂದು ಎದ್ದೆ. ಎದ್ದದ್ದೇನೋ ಸರಿ, ಹೊರಗೆ ಹೋಗಲು ಅವನೇ ಬಾಗಿಲು ತೆರೆಯಬೇಕಾಯಿತು. ಅವನು ತೆರೆಯುವವರೆಗೆ ಬೆನ್ನು ಕೊಟ್ಟು ನಿಂತಿದ್ದೆನಲ್ಲ, ಆ ಗಳಿಗೆಯನ್ನು ನಾನು ಮರೆತಿಲ್ಲ.

ನನ್ನ ಮಗಳು ಸುವ್ವಿಗೆ ಎಂಟು ತುಂಬಿತ್ತು. ಅವಳಿಗೆ ಮೊದಮೊದಲು ಇದೊಂದು ಆಟ. "ಬಾ ಅವ್ವಾ, ನಾ ತೆಗೀತೀನಿ," ಅಂತ ನನ್ನ ಕೈಹಿಡಿದು ಬೀದಿಯಲ್ಲಿ ಮುಂದೆ ಮುಂದೆ ನಡೆಯುತ್ತಿದ್ದಳು. ಪುಟ್ಟ ಅಂಗೈಯನ್ನು ಬಾಗಿಲಿಗಿಟ್ಟು, ದೊಡ್ಡ ಸಾಹುಕಾರ್ತಿಯ ಹಾಗೆ ತಲೆ ಎತ್ತಿ ನನ್ನನ್ನು ಒಳಗೆ ಕಳಿಸುತ್ತಿದ್ದಳು. ನಾನೂ ನಗುತ್ತಾ ಹೋಗುತ್ತಿದ್ದೆ. ಹೀಗೇ ನಡೆಸಿಕೊಂಡು ಹೋದರಾಯಿತು, ಮಗಳ ಕೈ ನನ್ನ ಕೈ ಅಲ್ಲವೇ ಅಂದುಕೊಂಡಿದ್ದೆ. ಸಾಹೇಬರು ತನ್ನ ಕೈಯಿಂದ ತಾನೇ ಅಂದದ್ದು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಒಂದು ಮಧ್ಯಾಹ್ನ ಜೋಳ ಬೀಸಿಸಲು ಗಿರಣಿಗೆ ಹೋದೆವು. ಆ ಊರವರೆಲ್ಲ ರಾಗಿ ತಿನ್ನುವವರು. ನನ್ನ ಜೋಳವನ್ನು ಕೊನೆಗೆ ಹಾಕುತ್ತಿದ್ದರು. ಸುವ್ವಿ ಬಾಗಿಲು ತೆರೆದು ನನ್ನನ್ನು ಒಳಗೆ ಬಿಟ್ಟು ಕುಂಟೆಬಿಲ್ಲೆ ಆಡಲು ಓಡಿದಳು. ಬೀಸಿದ್ದಾಯಿತು, ಗಿರಣಿಯವನು ಯಂತ್ರ ನಿಲ್ಲಿಸಿ ಊಟಕ್ಕೆ ಹೋದ. ನಾನು ಹಿಂದಿನ ಕೋಣೆಯಲ್ಲಿ ಹಿಟ್ಟು ತುಂಬಿಕೊಳ್ಳುತ್ತಿದ್ದುದು ಅವನಿಗೆ ನೆನಪಾಗಲಿಲ್ಲ. ಕೂಗಿದೆ, ಬಡಿದೆ. ಬಾಗಿಲ ಆಚೆ ಜನ ಓಡಾಡುವ ಸದ್ದು ಕೇಳುತ್ತಿತ್ತು. ನನ್ನ ಬಡಿತ ಆಚೆಗೆ ಹೋಗುತ್ತಿರಲಿಲ್ಲವೋ, ಕೇಳಿದವರಿಗೆ ಬೇಡವಾಗಿತ್ತೋ, ಯಾರಿಗೆ ಗೊತ್ತು. ಊಟ ಮಾಡಿದವನು ನಿದ್ದೆಯನ್ನೂ ಮುಗಿಸಿದನೆಂದು ಕಾಣುತ್ತದೆ. ಬಿಸಿಲು ಇಳಿಯುವ ಹೊತ್ತಿಗೆ ಬಾಗಿಲು ತೆರೆಯಿತು. ಹೊಸ್ತಿಲಲ್ಲಿ ಸುವ್ವಿ ನಿಂತಿದ್ದಳು. ಮೈಯೆಲ್ಲ ಹಿಟ್ಟಾಗಿದ್ದ ನನ್ನನ್ನು ನೋಡಿ ಅವಳಿಗೆ ಅಳು ಒತ್ತರಿಸಿ ಬಂತು.

"ಮರ್ತೋಯ್ತು ಅವ್ವಾ. ಆಡ್ತಾ ಆಡ್ತಾ ಮರ್ತೇಹೋಯ್ತು," ಅಂತ ನನ್ನ ಸೆರಗು ಹಿಡಿದಳು. "ಇನ್ಮ್ಯಾಕೆ ನಾನು ಆಡಕ್ಕೋಗಲ್ಲ. ಇಸ್ಕೂಲ್ಗೂ ಹೋಗಲ್ಲ. ನಿನ್ ಜೊತೇಲೇ ಇರ್ತೀನಿ."

ಆಡುವ ಮಗು ಆಡುತ್ತಾ ಮರೆತದ್ದಕ್ಕೆ ಕ್ಷಮೆ ಕೇಳುತ್ತಿತ್ತು. ಹಿಟ್ಟಿನ ಚೀಲ ಅಲ್ಲೇ ಇಟ್ಟು ಅವಳನ್ನು ಎತ್ತಿಕೊಂಡೆ. ಎಂಟು ವರ್ಷದ ಮಗುವನ್ನು ಎತ್ತಿಕೊಂಡು ಊರಿನ ನಡುಬೀದಿಯಲ್ಲಿ ನಡೆದು ಬಂದೆ, ಯಾರು ನೋಡಿದರೂ ನೋಡಲಿ ಅಂತ. ನನ್ನ ಮಗಳನ್ನು ಚಿಲಕ ಮಾಡಿಕೊಳ್ಳಲು ನಾನು ಹೆತ್ತಿರಲಿಲ್ಲ. ಆವತ್ತಿನಿಂದ ಅವಳ ಕೈಯಿಂದ ಒಂದು ಬಾಗಿಲನ್ನೂ ತೆರೆಸಲಿಲ್ಲ. ಸ್ಕೂಲಿಗೆ ಬೈದು ಕಳಿಸಿದೆ, ಆಟಕ್ಕೆ ತಳ್ಳಿ ಕಳಿಸಿದೆ. ಅಂಗಡಿಯ ಮುಂದೆ ಬೀದಿಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿ ಬೇಳೆ ಬೆಲ್ಲ ತರಿಸಿಕೊಂಡೆ. ಅಂಗಡಿಯವನಿಗೆ ಮುಜುಗರವಾಯಿತು. ಆಗಲಿ, ಅವನ ಪಾಲಿಗೂ ಸ್ವಲ್ಪ ಇರಲಿ.

ಮನೆಯಲ್ಲಿದ್ದ ಇನ್ನೊಂದು ಜೀವ ನನ್ನ ಅತ್ತೆ ಪುಟ್ಟನಂಜಮ್ಮ. ಊರಲ್ಲೇ ಹುಟ್ಟಿ ಊರಲ್ಲೇ ಮದುವೆಯಾದವಳು. ಮನೆ ಅವಳ ಹೆಸರಿನದು. ನನ್ನ ರೊಟ್ಟಿ ಗಂಟಲಿಗಿಳಿಯಲ್ಲ ಅಂತ, ನನ್ನ ಮಾತು ಬೈದ ಹಾಗೆ ಕೇಳುತ್ತದೆ ಅಂತ ಮದುವೆಯಾದಾಗಿನಿಂದ ಗೊಣಗಿದವಳು. ಮಗ ಸುಣ್ಣ ಬಳಿದು ಹೋದ ದಿನ ಜಗಲಿಯಲ್ಲೇ ಕೂತಿದ್ದಳು. ತಡೆಯಲಿಲ್ಲ, ಹರಸಲೂ ಇಲ್ಲ. ಮಂಡಿ ಬಿದ್ದುಹೋಗಿದ್ದರಿಂದ ಅವಳನ್ನು ಹಿತ್ತಲ ತುದಿಯ ಬಚ್ಚಲವರೆಗೆ ನಡೆಸಲಾಗುತ್ತಿರಲಿಲ್ಲ. ಹಿತ್ತಲಲ್ಲಿ ನೀರೊಲೆಯ ಪಕ್ಕ ಕಲ್ಲು ಹಾಕಿ, ಸುತ್ತ ಹಗ್ಗ ಕಟ್ಟಿ, ನನ್ನದೊಂದು ಹಳೆಯ ಕೌದಿಯನ್ನು ಮರೆಗೆ ಇಳಿಬಿಟ್ಟು ನೀರು ಹಾಕುತ್ತಿದ್ದೆ.

ಅಮಾವಾಸ್ಯೆಗೆ ಇನ್ನು ಸ್ವಲ್ಪವೇ ದಿನ ಇತ್ತು. ಎದುರುಮನೆಯ ಬಾಗಿಲೂ ನನಗೆ ಮುನಿದಿತ್ತು. ಅವತ್ತು ಬಿಸಿನೀರಿನ ಬಿಂದಿಗೆ ಸೊಂಟದಲ್ಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಕೌದಿ ಸರಿಸಿ ಒಳಗೆ ಹೋದೆ. ಹೋದವಳು ಹಾಗೇ ನಿಂತೆ. ಹೊರಗೆ ಬಂದೆ. ಮತ್ತೆ ಕೌದಿ ಸರಿಸಿ ಒಳಗೆ ಹೋದೆ.

"ಏನ್ ಗ್ರಹಚಾರ ಬಂತೇ ನಿಂಗೆ? ನೀರು ಆರೋಯ್ತದೆ," ಅಂದಳು ಅತ್ತೆ ಕಲ್ಲಿನ ಮೇಲೆ ಕೂತು ನಡುಗುತ್ತಾ.

"ಅತ್ತೀ, ಇದು ನನ್ನ ಕೈ ತಡೀಲಿಲ್ಲ ನೋಡ್ರಿ."

"ಬಟ್ಟೆ ಯಾಕೆ ತಡೀತದೆ? ಅದಕ್ಕೇನು ಊರು ಕೇರಿ ಗೊತ್ತಾ?"

ಅವಳ ಬೆನ್ನಿಗೆ ನೀರು ಹೊಯ್ದೆ. ಸೀಗೆಪುಡಿ ಹಚ್ಚಿ ಉಜ್ಜಿದೆ. "ಅತ್ತೀ, ಮುಂದಿನ ಬಾಗಲಾ ಹಿಂದಿನ ಬಾಗಲಾ ಎರಡೂ ಕಿತ್ತು ಕೌದಿ ಹಾಕ್ತೀನಿ. ನಿಮ್ಮ ಮನಿ. ನೀವು ಹೂಂ ಅನ್ನಬೇಕು."

"ನನ್ ಮಾವ ಮಾಡ್ಸಿದ್ ಬಾಗ್ಲು ಅದು. ಹೊನ್ನೆ ಮರದ್ದು," ಅಂದಳು ಅತ್ತೆ. ಆಮೇಲೆ ಮುಖಕ್ಕೆ ನೀರು ಹಾಕಿಕೊಂಡು ಉಗುಳಿದಳು. "ನಿನ್ ಮ್ಯಾಗಿನ್ ಪಿರೂತಿಗಲ್ಲ ಕಣವ್ವ, ತಿಳ್ಕೊ. ನೀ ಹೋದ್ರೆ ನನ್ ಬೆನ್ನುಜ್ಜೋರು ಯಾರು? ಅವ್ನು ಬಂದು ಉಜ್ತಾನಾ? ಇದ್ದ ಒಂದು ಮೊಮ್ಮಗೂನೂ ಎತ್ಕೊಂಡೋಯ್ತನೆ. ಕೀಳು. ಆದ್ರೆ ಚಳಿ ಬಂದ್ರೆ ನಿನ್ನೇ ಬಯ್ಯೋಳು ನಾನು."

"ಈಗೇನು ಹೊಗಳತೀರೇನು?" ಅಂದೆ. ಅತ್ತೆ ನಕ್ಕದ್ದನ್ನು ಅವತ್ತೇ ಮೊದಲು ನೋಡಿದ್ದು. ಹಲ್ಲಿರಲಿಲ್ಲ ಪಾಪ.

ಬಾಗಿಲಿನ ಅಳತೆಯ ಕೌದಿ ಅಂದರೆ ಸಣ್ಣ ಕೆಲಸವಲ್ಲ. ಹೊದೆಯುವ ಕೌದಿ ತೆಳ್ಳಗಿದ್ದರೆ ನಡೆಯುತ್ತದೆ, ಇದು ಗಾಳಿಗೆ ಹಾರಬಾರದು, ಮಳೆಗೆ ಕುಸಿಯಬಾರದು. ಏಳೆಂಟು ಪದರ ಹಳೇ ಸೀರೆ ಬೇಕು. ಪಕ್ಕದ ಮನೆಯ ಹೊಂಬಾಳಮ್ಮನನ್ನು ಕೇಳಿದೆ. ಅವಳೂ ಹೊರಗಿನವಳೇ, ನದಿ ಆಚೆಯ ಕಡೆಯವಳು. ಗಂಡ ಒಳ್ಳೆಯವನು, ಆದರೆ ದಿನಕ್ಕೊಂದು ಸಲವಾದರೂ ಸುಣ್ಣದ ಮಾತೆತ್ತದೆ ಅವನಿಗೆ ಉಂಡ ಅನ್ನ ಅರಗದು. ಅವಳು ಒಂದು ಸೀರೆ ಕೊಟ್ಟಳು. ಆಮೇಲೆ ತಿರುಗಿ ಬಂದು, "ಅದು ಬಾಗ್ಲು ಅನ್ನುಸ್ಕೊಂತದಾ ಪಾರವ್ವಾ?" ಅಂತ ಕೇಳಿದಳು. ಬಾಗಿಲು ಅನ್ನಿಸಿಕೊಳ್ಳಬಾರದು ಅಂತಲೇ ಹೊಲಿಯುತ್ತಿರುವುದು ಅಂದೆ. ಸ್ವಲ್ಪ ಹೊತ್ತು ನಿಂತು ನೋಡಿದಳು. ಮರುದಿನ ಬೀದಿಯ ಹೆಂಗಸರೆಲ್ಲ ಸೆರಗಿನಡಿ ಒಂದೊಂದು ಹಳೇ ಸೀರೆ ತಂದು ಹಾಕಿದರು. ನಲ್ಲಿಯ ಹತ್ತಿರ ಸುಮ್ಮನಾಗುತ್ತಿದ್ದ ಹೆಂಗಸರೇ ಎಲ್ಲ. ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ ಎಲ್ಲರೂ ಕೂತು ಸೂಜಿ ಓಡಿಸಿದೆವು. ನಮ್ಮ ಕಡೆ ಕೌದಿಯ ಕೊನೆಯ ಮೂಲೆಯಲ್ಲಿ ಒಂದು ರೊಟ್ಟಿ ಚೂರು ಇಟ್ಟು ಹೊಲಿಯುತ್ತೇವೆ, ಅದು ಹಸಿದಿರಬಾರದು ಅಂತ. ನಾನು ರೊಟ್ಟಿ ಇಟ್ಟೆ. ಹೊಂಬಾಳಮ್ಮ, "ನಮ್ದೂ ಇರ್ಲಿ," ಅಂತ ಒಂದು ಚೂರು ಮುದ್ದೆ ತಂದು ಒತ್ತಿದಳು.

ಅಮಾವಾಸ್ಯೆಯ ದಿನ ಬೆಳಿಗ್ಗೆ ಎದ್ದು ಮುಂಬಾಗಿಲಿಗೆ ಅಂಗೈ ಇಟ್ಟೆ. ತಣ್ಣಗಿತ್ತು. ಹಿಂಬಾಗಿಲೂ ತಣ್ಣಗಿತ್ತು. ನಾನು ಬಾಣಂತನ ಮಾಡಿಕೊಂಡ ಮನೆ, ನಾನು ದಿನಾ ಸಾರಿಸಿದ ಹೊಸ್ತಿಲು! ಗೊತ್ತಿದ್ದೂ ಅತ್ತುಬಿಟ್ಟೆ. ಆಮೇಲೆ ಕಣ್ಣೊರೆಸಿಕೊಂಡು ಹಾರೆ ತಂದೆ. ಹೊರಗಿನಿಂದ ಹೊಂಬಾಳಮ್ಮ ಬಂದು ತೆರೆದಳು, ಅವಳು ತೆರೆದು ಹಿಡಿದಿದ್ದಾಗಲೇ ನಾನು ಕೆಳಗೆ ಹಾರೆ ಕೊಟ್ಟು ಮೀಟಿದೆ. ಬಾಗಿಲು ಮುಚ್ಚಿಕೊಳ್ಳಲು ಒದ್ದಾಡಿತು. ಮೇಲಿನ ಕುಳಿಯಿಂದ ಕಳಚುವಾಗ ಕಿರ್ರೆಂದು ಕೂಗಿದ್ದು ಬೀದಿಯ ಕೊನೆಯವರೆಗೂ ಕೇಳಿಸಿತು. ಹಿಂಬಾಗಿಲನ್ನೂ ಹಾಗೇ ಕಿತ್ತೆವು. ಅಂಗಳದಲ್ಲಿ ಮಲಗಿಸಿದ ಮೇಲೆ ನೋಡಿದರೆ ಎರಡು ಹಲಗೆ, ನಾಲ್ಕು ಮೊಳೆ. ಇಷ್ಟಕ್ಕೆ ಇಡೀ ಊರು ಹೆದರಿ ಬಾಳಿತ್ತು ಅಂತ ನಂಬಲಾಗಲಿಲ್ಲ.

ಮರುದಿನ ಸಾಹೇಬರು ಬಂದರು. ಹಿಂದೆ ಇಬ್ಬರು ಜವಾನರು, ಅವರ ಹಿಂದೆ ಚೆಲುವರಾಜ, ಸುವ್ವಿಯನ್ನು ಕರೆದೊಯ್ಯಲು. ಬಾಗಿಲಿದ್ದ ಜಾಗದಲ್ಲಿ ಕೆಂಪು, ಹಸಿರು, ಕಾಮನಬಿಲ್ಲಿನ ಬಣ್ಣವೆಲ್ಲ ತುಂಬಿದ ಕೌದಿ ನೋಡಿ ವೀರಭದ್ರಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು.

"ಇದೇನಮ್ಮಾ?"

"ನಿಯಮ ಓದಿ ಹೇಳಿದವರು ನೀವ ಅಲ್ರಿ? ತನ್ನ ಕೈಲೆ ತಾನ ಹೊಗಬಲ್ಲ ಒಂದು ಮನಿ." ನಾನು ಕೌದಿ ಸರಿಸಿ ಒಳಗೆ ಹೋದೆ. ಹೊರಗೆ ಬಂದೆ. "ಮತ್ತೊಂದು ಸಲ ನೋಡ್ತೀರೇನು?" ಮತ್ತೆ ಹೋಗಿ ಬಂದೆ. ಜವಾನನೊಬ್ಬ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ.

"ಬಾಗಿಲಿಲ್ಲದ್ದು ಮನೆ ಅಲ್ಲಮ್ಮಾ, ಕೊಟ್ಟಿಗೆ," ಅಂದರು ಸಾಹೇಬರು, ಬೇಸರದಿಂದಲೇ. "ಕೊಟ್ಟಿಗೆಗೆ ಯಾರು ಬೇಕಾದ್ರೂ ನುಗ್ತಾರೆ. ಅದು ಲೆಕ್ಕಕ್ಕೆ ಬರಲ್ಲ."

"ಯಾವನ್ಲಾ ಅದು, ನನ್ ಮನೇನ ಕೊಟ್ಟಿಗೆ ಅನ್ನೋನು?" ಒಳಗಿನಿಂದ ಅತ್ತೆಯ ದನಿ ಬಂತು. "ಈ ಊರಲ್ಲೇ ಹುಟ್ಟಿ ಈ ಊರಲ್ಲೇ ಮುದುಕಿ ಆಗಿವ್ನಿ. ನಾನೇನು ಎಮ್ಮೆಯಾ ಕೊಟ್ಟಿಗೇಲಿರಕ್ಕೆ? ಹೇಳ್ಲಾ ವೀರಭದ್ರ, ನಿಮ್ಮವ್ವನ ಬಾಣಂತನಕ್ಕೆ ನೀರ್ ಕಾಯ್ಸಿಕೊಟ್ಟೋಳು ನಾನು, ನಾನು ಎಮ್ಮೆಯಾ?"

ಸಾಹೇಬರ ಮುಖ ಕೆಂಪಾಯಿತು. ಎಮ್ಮೆ ಅನ್ನುವ ಹಾಗಿಲ್ಲ, ಮನೆ ಅನ್ನುವ ಹಾಗೂ ಇಲ್ಲ. ಒಂದು ಮನೆಯವರು ಹೀಗೆ ಹಟ ಮಾಡಿದರೆ ಊರಿನ ಮರ್ಯಾದೆ ಏನಾಗಬೇಕು, ಬೇರೆ ಯಾರಾದರೂ ಇದನ್ನು ಒಪ್ಪುತ್ತಾರೆಯೇ ಅಂತೆಲ್ಲ ಶುರುಮಾಡಿದರು. ಅಷ್ಟರಲ್ಲಿ ಪಕ್ಕದಿಂದ ಕಿರ್ರೆಂದು ಸದ್ದು ಬಂತು. ಹೊಂಬಾಳಮ್ಮ ನನ್ನ ಹಾರೆ ಇಟ್ಟುಕೊಂಡು ತನ್ನ ಬಾಗಿಲನ್ನು ಕೀಳುತ್ತಿದ್ದಳು. ಅವಳ ಗಂಡ ಕಟ್ಟೆಯ ಮೇಲೆ ನಿಂತು, "ಏಯ್, ಏನ್ ಮಾಡ್ತಿದ್ದೀಯೇ, ಸುಣ್ಣ..." ಅಂದ. ಆಗಲೇ ಆಚೆ ಮನೆಯ ಹೆಂಗಸು ಹಾರೆ ಕೊಡು ಅಂತ ಕೈಚಾಚಿ ನಿಂತಿದ್ದಳು.

ಸಾಹೇಬರು ಬೀದಿಯ ಉದ್ದಕ್ಕೂ ನೋಡಿದರು. "ಮೇಲಿನವರನ್ನ ಕೇಳಿ ಬರ್ತೀನಿ," ಅಂದರು. ಹೋದವರು ಇನ್ನೂ ಕೇಳುತ್ತಲೇ ಇದ್ದಾರೆ. ಚೆಲುವರಾಜನೂ ಅವರ ಹಿಂದೆಯೇ ಹೊರಟುಹೋದ.

ಎಲ್ಲ ಸುಖವಾಗಿಬಿಟ್ಟಿತು ಅಂತ ನಾನು ಹೇಳುವುದಿಲ್ಲ. ನಾಯಿ ನುಗ್ಗುತ್ತದೆ, ಧೂಳು ನುಗ್ಗುತ್ತದೆ. ಚಳಿಗಾಲದಲ್ಲಿ ಅತ್ತೆ ಕೊಟ್ಟ ಮಾತಿಗೆ ತಪ್ಪದೆ ನನ್ನನ್ನು ಬೈದಳು. ಗಿರಣಿಯ ಬಾಗಿಲು, ಶಾಪಿನ ಬಾಗಿಲು ಈಗಲೂ ನನಗೆ ತೆರೆಯುವುದಿಲ್ಲ. ಸುವ್ವಿಗೆ ಜ್ವರ ಬಂದಾಗ ನಾನು ಡಾಕ್ಟರ ಬಾಗಿಲ ಹೊರಗೆ ನಿಂತು ಎಷ್ಟು ಕೂಗಿದೆನೆಂದರೆ, ಅವರು ಸ್ಟೆತಾಸ್ಕೋಪು ಹಿಡಿದು ಬೀದಿಗೇ ಬಂದು ನೋಡಬೇಕಾಯಿತು. ಮೇಗಲ ಬೀದಿಯವರು ನಮ್ಮನ್ನು ಬಟ್ಟೆ ಬೀದಿಯವರು ಅಂತ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಾನು ಇಲ್ಲಿದ್ದೇನೆ, ನನ್ನ ಮಗಳು ನನ್ನ ಹತ್ತಿರ ಇದ್ದಾಳೆ, ನನಗೆ ಬೇಕಾದ್ದು ಅಷ್ಟೇ.

ಆಮೇಲೊಂದು ದಿನ, ಹಬ್ಬದ ಹಿಂದಿನ ಬೆಳಿಗ್ಗೆ, ಚೆಲುವರಾಜ ಮತ್ತೆ ಬಂದ. ಈ ಸಲ ಸಾಹೇಬರಿಲ್ಲ, ಜವಾನರಿಲ್ಲ. ನಾನು ಪಡಸಾಲೆಯಲ್ಲಿ ಕೂತು ಹೊಲಿಯುತ್ತಿದ್ದೆ, ಸುವ್ವಿ ನನ್ನ ತೊಡೆಗೆ ಆತು ಮಗ್ಗಿ ಬರೆಯುತ್ತಿದ್ದಳು. ಅವನ ಹೆಜ್ಜೆಯ ಸದ್ದು ನನಗೆ ಗೊತ್ತಿತ್ತು. "ಸುವ್ವೀ, ಬಾ ಮಗಾ, ಹಬ್ಬಕ್ಕೆ ನಮ್ಮನೇಗೆ. ಅಲ್ಲೇ ಇದ್ಬುಡುವಂತೆ," ಅಂದ ಹೊರಗಿನಿಂದ. ಸುವ್ವಿ ಪೆನ್ಸಿಲ್ ನಿಲ್ಲಿಸಿ ನನ್ನ ಸೀರೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ಉತ್ತರ ಬಾರದ್ದಕ್ಕೆ ಅವನು ಹೊಸ್ತಿಲ ಹತ್ತಿರ ಬಂದ. ಕೌದಿಯ ನಡುವಿನಲ್ಲಿ, ಅಂಗೈ ಅಗಲದಷ್ಟು ಜಾಗ ಒಳಕ್ಕೆ ಉಬ್ಬಿತು.

ಅವನು ಕೌದಿಗೆ ಅಂಗೈ ಇಟ್ಟು ನಿಂತಿದ್ದ. ಅದು ತೆರೆಯಲಿ ಅಂತ ಕಾಯುತ್ತಿದ್ದ!

ಕೈ ತೆಗೆದು ಮತ್ತೆ ಇಟ್ಟ. ಜೋರಾಗಿ ಒತ್ತಿದ. ಕೌದಿ ಅವನ ಕೈಗೆ ಸ್ವಲ್ಪ ಜಾಗ ಕೊಟ್ಟು, ಮತ್ತೆ ತನ್ನ ಜಾಗಕ್ಕೆ ಬಂತು. ಅಂಚು ಹಿಡಿದು ಸರಿಸಿದ್ದರೆ ಸಾಕಿತ್ತು, ನನ್ನ ಮಗಳು ದಿನಕ್ಕೆ ನೂರು ಸಲ ಹಾಗೆ ಓಡಾಡುತ್ತಾಳೆ. ಸಾಹೇಬರ ಮುಂದೆ ನಾನು ಸರಿಸಿ ಹೋಗಿ ಬಂದದ್ದನ್ನು ನೋಡಿದ್ದರೂ ಅವನಿಗೆ ಅದು ಹೊಳೆಯಲೇ ಇಲ್ಲ. ಹುಟ್ಟಿದಂದಿನಿಂದ ಆ ಊರಲ್ಲಿ ತಾನಾಗಿ ತೆರೆದುಕೊಳ್ಳದ ಯಾವುದನ್ನೂ ಅವನು ದಾಟಿದವನಲ್ಲ. ಬೀದಿಯಲ್ಲಿ ಹೆಂಗಸರ ಮಾತು ನಿಂತಿತು. ಒಳಗೆ ಅತ್ತೆ ತಲೆ ಎತ್ತಿ ನೋಡಿದಳು. ನನಗೆ ನಗು ಬಂತು.

"ಪಾರವ್ವಾ," ಅಂದ ಕೊನೆಗೆ. ಎಷ್ಟೋ ಕಾಲದ ಮೇಲೆ ನನ್ನ ಹೆಸರು ಹಿಡಿದು ಕರೆದಿದ್ದ. ದನಿ ಸಣ್ಣದಾಗಿತ್ತು. "ಒಳೀಕೆ ಬರ್ಲಾ?"

ಆ ಊರಲ್ಲಿ ಯಾರೂ ಯಾರನ್ನೂ ಆ ಮಾತು ಕೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಕೇಳುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಬಾಗಿಲುಗಳೇ ಎಲ್ಲ ತೀರ್ಮಾನ ಮಾಡುತ್ತಿದ್ದವು. ಈಗ ತೀರ್ಮಾನ ನನ್ನ ಬಾಯಲ್ಲಿತ್ತು. ನಾನು ಅವಸರ ಮಾಡಲಿಲ್ಲ. ದಾರ ಹಲ್ಲಿನಿಂದ ಕಡಿದು, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಮಗಳ ತಲೆಯ ಮೇಲೆ ಕೈಯಿಟ್ಟೆ.

"ಬ್ಯಾಡ," ಅಂದೆ.